ಬಾಡಿಗೆಯ ಬೆಳ್ಳಿತೆರೆ

ಕೊಟ್ಟೂರಿನ ಬಸ್ ನಿಲ್ದಾಣದ ಸಮೀಪದಲ್ಲಿ ಮೊಬೈಲ್ ಫೋನುಗಳನ್ನು ರಿಪೇರಿ ಮಾಡುವ ಒಂದು ಚಿಕ್ಕ ಅಂಗಡಿಯಿದೆ. ಅದರ ಬಾಗಿಲ ಮೇಲಿನ ತಗಡಿನ ಬೋರ್ಡಿಗೆ ಇದುವರೆಗೆ ಮೂರು ಸಲ ಬಣ್ಣ ಬಳಿದಿದ್ದಾರೆ. ಬಿಸಿಲಿಗೆ ಮೇಲಿನ ಬಣ್ಣ ಸಿಪ್ಪೆಯೆದ್ದಾಗ ಅಡಿಯಿಂದ ‘ವಿಡಿಯೋ’ ಎಂಬ ಮೂರು ಹಸಿರು ಅಕ್ಷರಗಳು ಇಣುಕುತ್ತವೆ. ಅವನ್ನು ಬರೆದವನು ನಾನು. ಆಗ ನನಗೆ ಹದಿನಾರು ವರ್ಷ. ಅಂಗಡಿ ನನ್ನ ಸೋದರಮಾವನದು.

ಈಚೆಗೆ ತರಗತಿಯಲ್ಲಿ ಯಾವುದೋ ಪಾಠದ ನಡುವೆ ಈ ಅಂಗಡಿಯ ಮಾತು ಬಂದಿತು. ಒಬ್ಬ ಹುಡುಗ ಎದ್ದು ನಿಂತು, “ಸಾರ್, ಸಿನಿಮಾನ ಬಾಡಿಗಿಗೆ ಕೊಡ್ತಿದ್ರಾ? ವಾಪಸ್ ಹೆಂಗ ಇಸ್ಕಂತಿದ್ರಿ?” ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಪ್ರಶ್ನೆ ನಗುವಂಥದ್ದಲ್ಲ. ಬೆರಳ ತುದಿಗೆ ಸಿನಿಮಾ ಬಂದ ಮೇಲೆ ಹುಟ್ಟಿದ ಮಕ್ಕಳಿಗೆ, ಚಿತ್ರವೊಂದು ಇಟ್ಟಿಗೆಯಷ್ಟು ದಪ್ಪದ ವಸ್ತುವಾಗಿತ್ತು, ಅದನ್ನು ಒಯ್ದವರು ಮರುದಿನ ಬೆಳಿಗ್ಗೆ ತಂದುಕೊಡಬೇಕಾಗಿತ್ತು ಎಂಬುದು ಹೇಗೆ ತಿಳಿಯಬೇಕು? ನಲವತ್ತೇ ವರ್ಷದ ಹಿಂದಿನ ಮಾತು. ಆದರೂ ಆಗಲೇ ಇತಿಹಾಸಕ್ಕೆ ಸಂದುಹೋಗಿದೆ. ಹಾಗಾದುದರಿಂದ ಇತಿಹಾಸವನ್ನು ಹೇಳುವ ರೀತಿಯಲ್ಲಿಯೇ ನಾಲ್ಕು ಮಾತು ಹೇಳಬಹುದೆಂದು ತೋರುತ್ತದೆ.

ಮೊದಲು ಸೀಮೆಯ ವಿಷಯ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳೂ ೨೦೨೧ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಹೊಸಪೇಟೆಯೊಂದನ್ನು ಬಿಟ್ಟರೆ ಜಿಲ್ಲೆಯೆಂದರೆ ಇವೇ. ನಾನು ಹೇಳುವ ಕಾಲದಲ್ಲಿ ಎಲ್ಲವೂ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಕೊಟ್ಟೂರಿಗೆ ತಾಲ್ಲೂಕಿನ ಪಟ್ಟ ಇನ್ನೂ ಬಂದಿರಲಿಲ್ಲ. ಅದಕ್ಕೂ ಹಿಂದೆ, ೧೯೫೩ರ ಅಕ್ಟೋಬರ್ ೧ರವರೆಗೆ, ಈ ಸೀಮೆಯೆಲ್ಲ ಮದ್ರಾಸಿಗೆ ಸೇರಿತ್ತು. ಹರಪನಹಳ್ಳಿಯಂತೂ ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ೨೦೧೮ರಲ್ಲಿ ಬಳ್ಳಾರಿಗೆ ಮರಳಿ, ಅಲ್ಲಿಂದ ವಿಜಯನಗರಕ್ಕೆ ಬಂದಿತು. ಊರು ಇದ್ದಲ್ಲಿಯೇ ಇದೆ. ಕಚೇರಿಯ ದಾರಿ ಮಾತ್ರ ಬದಲಾಯಿತು.

ಇನ್ನು ಯಂತ್ರದ ವಿಷಯ. ‘ವಿಡಿಯೋ’ ಎಂಬುದು ಲ್ಯಾಟಿನ್ ಭಾಷೆಯ ಕ್ರಿಯಾಪದ. ‘ನಾನು ನೋಡುತ್ತೇನೆ’ ಎಂದು ಅದರ ಅರ್ಥ. ನಮ್ಮ ‘ವಿದ್ಯೆ’, ‘ವೇದ’ಗಳಿಗೆ ಮೂಲವಾದ ‘ವಿದ್’ ಧಾತುವಿಗೂ ಅದಕ್ಕೂ ದಾಯಾದಿ ಸಂಬಂಧ ಉಂಟು. ಪಂಡಿತ ಪರೀಕ್ಷೆಗೆ ಓದುವಾಗ ಈ ಸಂಗತಿ ತಿಳಿದು, ಮಾವನಿಗೆ ಹೇಳಿದ್ದೆ. “ಹಂಗಾರ ನಮ್ದು ವಿದ್ಯಾದಾನ ಅನ್ನು” ಎಂದು ಮಾವ ನಕ್ಕಿದ್ದ.

ಚಿತ್ರವನ್ನು ಟೇಪಿನ ಮೇಲೆ ಹಿಡಿದಿಡುವ, ಕೆಲಸಕ್ಕೆ ಬರುವಂಥ ಮೊದಲ ಯಂತ್ರವನ್ನು ಅಮೆರಿಕದ ಆಂಪೆಕ್ಸ್ ಕಂಪೆನಿ ೧೯೫೬ರ ಏಪ್ರಿಲಿನಲ್ಲಿ ಷಿಕಾಗೋ ನಗರದಲ್ಲಿ ತೋರಿಸಿತು. ಅದರ ಟೇಪು ಎರಡು ಅಂಗುಲ ಅಗಲ. ಬೆಲೆ ೫೦,೦೦೦ ಡಾಲರಿನ ಆಸುಪಾಸು. ಟೆಲಿವಿಷನ್ ಕೇಂದ್ರಗಳಿಗಲ್ಲದೆ ಬೇರೆಯವರಿಗೆ ಅದು ಎಟುಕುವಂತಿರಲಿಲ್ಲ. ಮನೆಯೊಳಗೆ ತರಬಹುದಾದ ಯಂತ್ರಗಳನ್ನು ಕೈಗೆಟುಕುವಂತೆ ಮಾಡಿದವರು ಜಪಾನೀಯರು. ಸೋನಿ ಕಂಪೆನಿಯ ಬೀಟಾಮ್ಯಾಕ್ಸ್ ೧೯೭೫ರಲ್ಲಿಯೂ ಜೆ.ವಿ.ಸಿ. ಕಂಪೆನಿಯ ವಿ.ಎಚ್.ಎಸ್. ೧೯೭೬ರಲ್ಲಿಯೂ ಹೊರಬಂದವು. ಟೇಪು ಅರ್ಧ ಅಂಗುಲಕ್ಕೆ ಇಳಿಯಿತು. ಮುಂದೆ ನಮ್ಮ ಅಂಗಡಿಗಳಿಗೆ ಬಂದ ಮೂರು ಗಂಟೆಯ ವಿ.ಎಚ್.ಎಸ್. ಕ್ಯಾಸೆಟ್ಟಿನೊಳಗೆ ಕಾಲು ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದದ ಟೇಪು ಸುತ್ತಿರುತ್ತಿತ್ತು. ಎರಡೂವರೆ ಗಂಟೆಯ ನಮ್ಮ ಸಿನಿಮಾ, ಹಾಡು ಹೊಡೆದಾಟಗಳ ಸಮೇತ, ಒಂದರಲ್ಲಿಯೇ ಹಿಡಿಸುತ್ತಿತ್ತು.

ವಿಡಿಯೋ ಬಾಡಿಗೆ ಅಂಗಡಿಯ ಮೂಲಪುರುಷನೆಂದು ಹೆಸರಾದವನು ಜಾರ್ಜ್ ಅಟ್ಕಿನ್‌ಸನ್ ಎಂಬ ಅಮೆರಿಕನ್. ೧೯೭೭ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪೆನಿಯ ಐವತ್ತು ಚಿತ್ರಗಳು ಕ್ಯಾಸೆಟ್ಟಾಗಿ ಮಾರಾಟಕ್ಕೆ ಬಂದವು. ಈತ ಅವುಗಳನ್ನು ಕೊಂಡು, ಅದೇ ವರ್ಷದ ಕೊನೆಯಲ್ಲಿ ಲಾಸ್ ಏಂಜಲೀಸಿನ ವಿಲ್‌ಷೈರ್ ರಸ್ತೆಯ ಒಂದು ಪುಟ್ಟ ಮಳಿಗೆಯಲ್ಲಿ ಬಾಡಿಗೆಗೆ ಕೊಡಲಾರಂಭಿಸಿದ. ಕಾನೂನು ಅವನ ಕಡೆಗಿತ್ತು. ನ್ಯಾಯವಾಗಿ ಕೊಂಡ ಪ್ರತಿಯನ್ನು ಕೊಂಡವನು ಮಾರಲಿ, ಬಾಡಿಗೆಗೆ ಕೊಡಲಿ, ಅದು ಅವನಿಷ್ಟ ಎಂಬುದು ಆ ದೇಶದ ಹಕ್ಕುಸ್ವಾಮ್ಯದ ನಿಯಮ. ೧೯೮೪ರ ಜನವರಿಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಟಿ.ವಿ. ಕಾರ್ಯಕ್ರಮವನ್ನು ಮನೆಯಲ್ಲಿ ಮುದ್ರಿಸಿಕೊಂಡು ಆಮೇಲೆ ನೋಡುವುದು ಅಪರಾಧವಲ್ಲವೆಂದು ನಾಲ್ವರಿಗೆದುರಾಗಿ ಐವರು ನ್ಯಾಯಮೂರ್ತಿಗಳ ಬಹುಮತದಿಂದ ಹೇಳಿತು. ಯಂತ್ರಕ್ಕೂ ಅಭಯ ಸಿಕ್ಕಿತು.

ಈ ಕಥೆಯನ್ನು ಓದಿದವರು, ನಮ್ಮ ಅಂಗಡಿಗಳೂ ಆ ಅಂಗಡಿಯ ಕೂಸುಗಳೇ ಎಂದು ತಿಳಿಯುವುದು ಸಹಜ. ನನಗೆ ಹಾಗೆನಿಸುವುದಿಲ್ಲ. ಅಮೆರಿಕದಲ್ಲಿ ಬಾಡಿಗೆಗೆ ಹೋಗುತ್ತಿದ್ದುದು ಕ್ಯಾಸೆಟ್ಟು. ಯಂತ್ರ ಗಿರಾಕಿಯ ಮನೆಯಲ್ಲಿಯೇ ಇರುತ್ತಿತ್ತು. ನಮ್ಮಲ್ಲಿ ಬಾಡಿಗೆಗೆ ಹೋಗುತ್ತಿದ್ದುದು ಟಿ.ವಿ.ಯೂ ಯಂತ್ರವೂ ಅದನ್ನು ನಡೆಸುವ ಹುಡುಗನೂ. ಕ್ಯಾಸೆಟ್ಟು ಅವುಗಳ ಜೊತೆಗೆ ಹೋಗುವ ಸಾಮಾನು. ಇಂಥ ವ್ಯಾಪಾರ ನಮ್ಮ ಊರುಗಳಿಗೆ ಹೊಸದಲ್ಲ. ಗಂಟೆಯ ಲೆಕ್ಕದಲ್ಲಿ ಸೈಕಲ್ಲು ಕೊಡುವ ಅಂಗಡಿಗಳು, ಮದುವೆಗೆ ಪಾತ್ರೆ ಮತ್ತು ಶಾಮಿಯಾನ ಕೊಡುವವರು, ಮೈಕ್ ಸೆಟ್ಟಿನವರು ಎಲ್ಲ ಕಡೆಯೂ ಇದ್ದರು. ಎಲ್ಲಕ್ಕಿಂತ ಮಿಗಿಲಾಗಿ ನಾಟಕದ ಸೀನರಿಯವರು. ಹಳ್ಳಿಯವರು ನಾಟಕ ಕಲಿತರೆ ದರ್ಬಾರು ಸೀನು, ಕಾಡು ಸೀನು, ರಸ್ತೆ ಸೀನು, ರಾಜನ ಕಿರೀಟ, ಗದೆ, ಹಾರ್ಮೋನಿಯಮ್ ಸಮೇತ ಇಡೀ ರಂಗಭೂಮಿಯೇ ಬಂಡಿಯ ಮೇಲೆ ಬಾಡಿಗೆಗೆ ಬರುತ್ತಿತ್ತು. ಬೆಳಗಾದ ಮೇಲೆ ಮರಳಿ ಹೋಗುತ್ತಿತ್ತು. ಹಡಗಲಿಯಲ್ಲಿ ಎಂ. ಪಿ. ಪ್ರಕಾಶ್ ಅವರು ‘ರಂಗಭಾರತಿ’ಯನ್ನು ಕಟ್ಟಿದ ಸೀಮೆಯಿದು, ನಾಟಕದ ಹುಚ್ಚಿಗೆ ಇಲ್ಲಿ ಬರಗಾಲ ಬಂದದ್ದಿಲ್ಲ. ವಿಡಿಯೋ ಅಂಗಡಿ ಹುಟ್ಟಿದ್ದು ಈ ಬಾಡಿಗೆಯ ಮನೆತನದಲ್ಲಿ. ಸಿನಿಮಾ ಅದಕ್ಕೆ ದತ್ತು ತಂದೆ ಮಾತ್ರ.

ನನ್ನ ಮಾವ ಮೊದಲು ಸೈಕಲ್ ಅಂಗಡಿಯವನು, ಆಮೇಲೆ ಮೈಕ್ ಸೆಟ್ಟಿನವನು. ಅವನ ಕಸುಬಿಗೆ ದೊಡ್ಡ ಹಬ್ಬವೆಂದರೆ ಕೊಟ್ಟೂರೇಶ್ವರನ ತೇರು. ಅವನಂಥವರೇ ಐದೂ ಊರುಗಳಲ್ಲಿ ವಿಡಿಯೋ ತಂದವರು. ಟಾಕೀಸಿನ ಮಾಲೀಕರಲ್ಲಿ ಯಾರೂ ಈ ಗೋಜಿಗೆ ಹೋದದ್ದನ್ನು ನಾನು ಕಂಡಿಲ್ಲ.

ಹಾಗೆಂದು ಸಿನಿಮಾಕ್ಕೆ ಅಲೆದಾಟ ಹೊಸದೇನೂ ಅಲ್ಲ. ತಿರುಚಿನಾಪಳ್ಳಿಯಲ್ಲಿ ರೈಲ್ವೆಯ ನೌಕರನಾಗಿದ್ದ ಸ್ವಾಮಿಕಣ್ಣು ವಿನ್ಸೆಂಟ್ ಎಂಬಾತ ೧೯೦೫ರಲ್ಲಿ ಫ್ರೆಂಚನೊಬ್ಬನಿಂದ ಪ್ರೊಜೆಕ್ಟರನ್ನು ಕೊಂಡು ಡೇರೆಯಲ್ಲಿ ಚಿತ್ರ ತೋರಿಸುತ್ತಾ ಊರೂರು ತಿರುಗಿದ. ದಕ್ಷಿಣದಲ್ಲಿ ಟೂರಿಂಗ್ ಟಾಕೀಸು ಅಲ್ಲಿಂದ ಬೆಳೆಯಿತು. ನನ್ನ ಬಾಲ್ಯದ ಟೆಂಟು ಎಲ್ಲರಿಗೂ ಗೊತ್ತಿರುವಂಥದ್ದೇ: ಸಂಜೆ ಘಂಟಸಾಲರ ಕಂಠದಲ್ಲಿ ವೆಂಕಟೇಶನ ಸ್ತುತಿ ಕೇಳಿಬಂದರೆ ಟಿಕೀಟು ಕೊಡುತ್ತಾರೆಂದು ಅರ್ಥ, ನೆಲ, ಬೆಂಚು, ಕುರ್ಚಿ, ಹೆಂಗಸರಿಗೆ ಬೇರೆ ಕಡೆ. ಹಗಲು ಬಟ್ಟೆಯ ಡೇರೆಯೊಳಗೆ ಕತ್ತಲಾಗದ ಕಾರಣ ರಾತ್ರಿ ಎರಡೇ ಆಟ. ಊರಾಚೆಯ ಟೆಂಟಿನಿಂದ ಎರಡನೆಯ ಆಟ ಮುಗಿಸಿ ಬರುವುದು ಗಂಡಸರಿಗೆ ಸೈ. ನನ್ನ ಅವ್ವ ಮದುವೆಯಾದ ಮೇಲೆ ಟೆಂಟಿಗೆ ಹೋದದ್ದು ಎರಡು ಸಲ. ಎರಡೂ ಸಲ ದೇವರ ಚಿತ್ರ.

೧೯೮೨ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡೆಗಳು ನಡೆದವು. ಅದೇ ವರ್ಷದ ಆಗಸ್ಟ್ ೧೫ರಂದು ದೂರದರ್ಶನ ಬಣ್ಣಕ್ಕೆ ತಿರುಗಿತು. ಹೊರದೇಶದ ಬಣ್ಣದ ಟಿ.ವಿ.ಗಳು ಬಂದವು. ಅವುಗಳ ಹಿಂದೆಯೇ ವಿ.ಸಿ.ಆರ್.ಗಳು ಬಂದವು, ಕೆಲವು ಸುಂಕ ಕೊಟ್ಟು, ಹಲವು ಕೊಡದೆ. ಮದ್ರಾಸಿನ ಬರ್ಮಾ ಬಜಾರಿನಲ್ಲಿ ನ್ಯಾಷನಲ್, ಅಕಾಯ್, ಫುನಾಯ್ ಎಂಬ ಹೆಸರುಗಳು ಮಂತ್ರದಂತೆ ಓಡಾಡುತ್ತಿದ್ದವು. ಚಿತ್ರವನ್ನು ಮುದ್ರಿಸುವ ಸೌಲಭ್ಯವಿಲ್ಲದೆ ಬರೀ ತೋರಿಸುವ ವಿ.ಸಿ.ಪಿ. ಸ್ವಲ್ಪ ಅಗ್ಗ. ಮಾವ ಕೊಂಡದ್ದು ಅಂಥದ್ದನ್ನು. ಅದಕ್ಕೂ ಒಂದು ಬಣ್ಣದ ಟಿ.ವಿ.ಗೂ ಅತ್ತೆಯ ಬಂಗಾರವನ್ನು ಒತ್ತೆಯಿಟ್ಟ. ಅತ್ತೆ ಒಂದು ತಿಂಗಳು ಮಾವನ ಜೊತೆ ಮಾತಾಡಲಿಲ್ಲ. ೧೯೮೬ರ ದೀಪಾವಳಿಯ ಪಾಡ್ಯದ ದಿವಸ ಅಂಗಡಿಯ ಪೂಜೆ. ಲಕ್ಷ್ಮಿಯ ಪಟದ ಪಕ್ಕದಲ್ಲಿ ಟಿ.ವಿ.ಗೂ ಕುಂಕುಮವಿಟ್ಟು, ಸ್ಟೆಬಿಲೈಸರಿನ ಮೇಲೆ ನಿಂಬೆಹಣ್ಣು ಇಟ್ಟರು. ಬಂಡವಾಳದ ಕ್ಯಾಸೆಟ್ಟುಗಳು ಇಪ್ಪತ್ತೆರಡು. ದಾವಣಗೆರೆಯಿಂದ ಹಳೆಯವನ್ನು ತಂದದ್ದು. ಅವುಗಳ ಬೆನ್ನಿಗೆ ಚೀಟಿ ಅಂಟಿಸಿ ಚಿತ್ರದ ಹೆಸರು ಬರೆಯುವುದು, ಕಿರ್ದಿ ಬರೆಯುವುದು ನನ್ನ ಕೆಲಸ. ಅಕ್ಷರ ದುಂಡಗಿತ್ತು, ಸಂಬಳ ಇರಲಿಲ್ಲ, ಪುಕ್ಕಟೆ ಸಿನಿಮಾ ಇತ್ತು.

ಅಂಗಡಿ ತೆರೆಯುವವನಿಗೆ ಯಂತ್ರಕ್ಕಿಂತ ಹೆಚ್ಚಾಗಿ ಬೇಕಾದದ್ದು ಆಳುಗಳ ನಂಬಿಕೆ, ಊರಿನ ನಂಬಿಕೆ. ಕ್ಯಾಸೆಟ್ಟು ಒಯ್ಯುವವರು ಡಿಪಾಜಿಟ್ಟು ಇಡಬೇಕು. ರೊಕ್ಕ ಇದ್ದವರು ರೊಕ್ಕ; ಇಲ್ಲದವರು ಕೈಗಡಿಯಾರ, ಟಾರ್ಚು, ರೇಷನ್ ಕಾರ್ಡು. ಒಮ್ಮೆ ಒಬ್ಬ ತನ್ನ ಟ್ರಾನ್ಸಿಸ್ಟರ್ ರೇಡಿಯೋವನ್ನೇ ಇಟ್ಟು ಹೋದ. ಅವನು ಬರುವವರೆಗೆ ಮೂರು ದಿನ ನಾವು ಧಾರವಾಡದ ನಿಲಯವನ್ನು ಕೇಳಿದೆವು. ಕಿರ್ದಿಯಲ್ಲಿ ತಾರೀಖು, ಹೆಸರು, ತಂದೆಯ ಹೆಸರು, ಊರು, ಒಯ್ದ ಚಿತ್ರ, ಇಟ್ಟ ವಸ್ತು. ಪೂರ್ತಿ ಸೆಟ್ಟು ಹಳ್ಳಿಗೆ ಹೋಗುವುದಾದರೆ ಆ ಊರಿನ ಹಿರಿಯರೊಬ್ಬರು ಬಾಯಿಮಾತಿನಲ್ಲಿ ಜಾಮೀನು ನಿಲ್ಲಬೇಕು. ಬರವಣಿಗೆಯ ಕರಾರು ಎಂದೂ ಆಗಲಿಲ್ಲ. ಅಷ್ಟು ವರ್ಷಗಳಲ್ಲಿ ಕ್ಯಾಸೆಟ್ಟು ಕಳೆದದ್ದುಂಟು, ಟೇಪು ಕತ್ತರಿಸಿ ಬಂದದ್ದುಂಟು. ಸೆಟ್ಟು ಬಾರದೆ ಹೋದದ್ದಿಲ್ಲ.

ಸೆಟ್ಟಿನ ಪ್ರಯಾಣವನ್ನು ಹೇಳದಿದ್ದರೆ ಈ ಇತಿಹಾಸ ಅರ್ಧವಾದೀತು. ಸಂಜೆ ನಾಲ್ಕಕ್ಕೆ ಹಳ್ಳಿಯಿಂದ ಎತ್ತಿನ ಬಂಡಿ ಬರುತ್ತಿತ್ತು. ಬಂಡಿಯಲ್ಲಿ ಶೇಂಗಾ ಹೊಟ್ಟು ಹಾಸಿ, ಅದರ ಮೇಲೆ ಕಂಬಳಿ ಸುತ್ತಿದ ಟಿ.ವಿ.; ವಿ.ಸಿ.ಪಿ. ಮಾತ್ರ ನನ್ನ ತೊಡೆಯ ಮೇಲೆ. ಊರ ಮುಂದಿನ ಕಟ್ಟೆಯ ಮೇಲೆ ಎರಡು ಮೇಜು ಸೇರಿಸಿ ಸೆಟ್ಟು ಕೂಡಿಸುವ ಹೊತ್ತಿಗೆ ಮಕ್ಕಳು ಚಾಪೆ ಹಾಕಿಕೊಂಡು ಎದುರಿಗೆ ಕುಳಿತಿರುತ್ತಿದ್ದವು. ವೋಲ್ಟೇಜು ಇಳಿದರೆ ಚಿತ್ರ ಅಂಗೈಯಗಲ ಆಗುತ್ತಿತ್ತು. ಒಂದೊಂದು ಸಲ, ಹೊಲದ ಮೋಟಾರು ನಿಲ್ಲಿಸಿರೆಂದು ಊರವರು ಕಂದೀಲು ಹಿಡಿದು ಹೋಗಿ ಕೇಳಿಕೊಂಡು ಬಂದದ್ದುಂಟು. ನೀರು ನಿಲ್ಲಿಸಿ ಸಿನಿಮಾ ನೋಡಿದ ಆ ರೈತನನ್ನು ನೆನೆದರೆ ಇಂದಿಗೂ ಬೆರಗಾಗುತ್ತದೆ.

ರಾತ್ರಿಗೆ ನಾಲ್ಕು ಚಿತ್ರ. ಅವುಗಳಿಗೊಂದು ಕ್ರಮವಿತ್ತು, ಯಾರು ಗೊತ್ತುಮಾಡಿದರೋ ಕಾಣೆ. ಮೊದಲನೆಯದು ಹಿರಿಯರಿಗಾಗಿ ಪೌರಾಣಿಕ. ಎರಡನೆಯದು ಎಲ್ಲರಿಗಾಗಿ ರಾಜಕುಮಾರ್. ‘ಕವಿರತ್ನ ಕಾಳಿದಾಸ’ವಂತೂ ಎಷ್ಟು ಸಲ ಹೋಯಿತೆಂದರೆ ಕೊನೆಗೆ ಕಾಳಿಯ ಮುಖವೂ ಕಾಳಿದಾಸನ ಮುಖವೂ ಒಂದೇ ಬಣ್ಣಕ್ಕೆ ಬಂದಿದ್ದವು. ಮಧ್ಯರಾತ್ರಿಯ ಮೇಲೆ ಹುಡುಗರಿಗಾಗಿ ಹೊಡೆದಾಟದ್ದು, ಬಹುಶಃ ತೆಲುಗು. ಆಂಧ್ರದ ಗಡಿ ಹತ್ತಿರವಾದ್ದರಿಂದ ಆ ಭಾಷೆ ಯಾರಿಗೂ ಭಾರವಾಗುತ್ತಿರಲಿಲ್ಲ. ನಾಲ್ಕನೆಯದನ್ನು ನೋಡಲು ಎಚ್ಚರ ಇರುತ್ತಿದ್ದವನು ನಾನೊಬ್ಬನೇ, ಅದೂ ಯಂತ್ರದ ಕಾವಲಿಗಾಗಿ. ಆದರೆ ಒಂದನ್ನು ಗಮನಿಸುತ್ತಿದ್ದೆ. ಟೆಂಟಿನಲ್ಲಿ ಹೆಂಗಸರು ಒಂದು ಪಕ್ಕಕ್ಕೆ. ಇಲ್ಲಿ ಅವರು ಎಲ್ಲರಿಗಿಂತ ಮುಂದೆ, ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು, ತಮ್ಮ ಮನೆಯ ಬಾಗಿಲು ಕಣ್ಣಿಗೆ ಕಾಣುವ ದೂರದಲ್ಲಿ. ಒಲೆಯ ಮೇಲೆ ಏನೋ ಇಟ್ಟು ಬಂದವರು ನಡುವೆ ಎದ್ದು ಹೋಗಿ ಬರುತ್ತಿದ್ದರು. ನನ್ನ ಅವ್ವ ಒಂದೇ ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ಸಿನಿಮಾ ನೋಡಿದಳು. ವಿಡಿಯೋದಿಂದ ಜನ ಕೆಟ್ಟರು ಎಂಬ ಮಾತನ್ನು ಆ ಕಾಲದಲ್ಲಿ ಬಹಳ ಕೇಳಿದ್ದೇನೆ. ಹೇಳಿದವರೆಲ್ಲ ಟೆಂಟಿನಲ್ಲಿ ಕುರ್ಚಿಗೆ ಹೋಗುತ್ತಿದ್ದ ಗಂಡಸರು.

ಒಂದೇ ಅಂಗಡಿಯ ಇಪ್ಪತ್ತೆರಡು ಕ್ಯಾಸೆಟ್ಟು ಎಷ್ಟು ದಿನ ಓಡೀತು? ಅದಕ್ಕೆ ಐದೂರಿನ ಅಂಗಡಿಗಳವರು ತಮ್ಮಲ್ಲಿಯೇ ಕೊಟ್ಟು ತರುವ ಪದ್ಧತಿ ಮಾಡಿಕೊಂಡರು. ಬುಧವಾರ ಕೂಡ್ಲಿಗಿಯ ಬಸ್ಸಿಗೆ ಐದು ಕ್ಯಾಸೆಟ್ಟಿನ ಗಂಟು ಹೋದರೆ ಗುರುವಾರ ಅಲ್ಲಿಂದ ಬೇರೆ ಐದು. ಕಂಡಕ್ಟರರ ಸೀಟಿನ ಕೆಳಗೆ ಹಡಗಲಿಯ ಮಲ್ಲಿಗೆಯ ಬುಟ್ಟಿಯ ಪಕ್ಕದಲ್ಲಿ ಬಂದ ಕ್ಯಾಸೆಟ್ಟಿಗೆ ಎರಡು ದಿನ ಹೂವಿನ ವಾಸನೆ. ಪುಸ್ತಕ ಭಂಡಾರಗಳ ನಡುವೆ ಇಂಥ ವಿನಿಮಯ ನಡೆಸಬೇಕೆಂದು ವಿದ್ವಾಂಸರು ಸಮಿತಿ ಮಾಡುತ್ತಾರೆ. ಇವರು ಸಮಿತಿಯಿಲ್ಲದೆ ನಡೆಸಿದರು. ಕೂಡ್ಲಿಗಿ ಹೆದ್ದಾರಿಯ ಮೇಲಿನ ಊರಾದ್ದರಿಂದ ಹೊಸ ಚಿತ್ರ ಅಲ್ಲಿಗೆ ಮೊದಲು ಮುಟ್ಟುತ್ತಿತ್ತು. ಹರಪನಹಳ್ಳಿಗೆ ದಾವಣಗೆರೆ ಹತ್ತಿರ. ಹರಪನಹಳ್ಳಿಯೆಂದ ಕೂಡಲೆ ಅಲ್ಲಿ ೧೯೧೩ರಲ್ಲಿ ಹುಟ್ಟಿದ ಬೀಚಿಯವರ ನೆನಪಾಗುತ್ತದೆ. ಅವರು ೧೯೮೦ರಲ್ಲಿಯೇ ತೀರಿಕೊಂಡರು. ಇನ್ನು ಏಳೆಂಟು ವರ್ಷ ಇದ್ದಿದ್ದರೆ ಅವರ ತಿಂಮ ಖಂಡಿತವಾಗಿಯೂ ಒಂದು ವಿಡಿಯೋ ಅಂಗಡಿ ಇಡುತ್ತಿದ್ದ, ರಿವೈಂಡ್ ಮಾಡದೆ ತಂದವರಿಗೆ ದಂಡವನ್ನೂ ಹಾಕುತ್ತಿದ್ದ.

ಈಗ ಕಹಿಯಾದ ಮಾತು. ಈ ಅಂಗಡಿಗಳಲ್ಲಿದ್ದ ಕ್ಯಾಸೆಟ್ಟುಗಳಲ್ಲಿ ಬಹುಪಾಲು ಕಳ್ಳಪ್ರತಿಗಳು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಚಿತ್ರದ ಕೆಳಭಾಗದಲ್ಲಿ ಸೀರೆಯಂಗಡಿಯ, ಅಗರಬತ್ತಿಯ ಜಾಹೀರಾತು ಸಾಲುಗಳು ಹರಿಯುತ್ತಿದ್ದವು. ನಾಯಕಿ ಕಣ್ಣೀರು ಸುರಿಸುವಾಗ ಅವಳ ಗದ್ದದ ಕೆಳಗೆ ಪ್ರೆಷರ್ ಕುಕ್ಕರಿನ ಹೆಸರು. ೧೯೫೭ರ ಹಕ್ಕುಸ್ವಾಮ್ಯ ಕಾಯಿದೆಗೆ ೧೯೮೪ರಲ್ಲಿ ಆದ ತಿದ್ದುಪಡಿಯು ವಿಡಿಯೋ ಚಿತ್ರವೂ ಚಲನಚಿತ್ರವೇ ಎಂದು ಸ್ಪಷ್ಟಪಡ��ಸಿತು. ಕ್ಯಾಸೆಟ್ಟಿನ ಮೇಲೆ ಸೆನ್ಸಾರ್ ಪತ್ರದ ಪ್ರತಿ, ತಯಾರಿಸಿದವರ ಹೆಸರು ವಿಳಾಸ, ಹಕ್ಕುದಾರರ ಒಪ್ಪಿಗೆಯಿದೆಯೆಂಬ ಘೋಷಣೆ ಇರಬೇಕೆಂದಿತು. ತಪ್ಪಿದರೆ ಶಿಕ್ಷೆ, ಕೃತಿಚೌರ್ಯಕ್ಕಂತೂ ಆರು ತಿಂಗಳಿಗೆ ಕಡಿಮೆಯಿಲ್ಲದೆ ಮೂರು ವರ್ಷದವರೆಗೆ ಸೆರೆ, ೫೦,೦೦೦ದಿಂದ ೨ ಲಕ್ಷ ರೂಪಾಯಿವರೆಗೆ ದಂಡ. ಟಿಕೀಟಿಟ್ಟು ವಿಡಿಯೋ ತೋರಿಸುವ ಕೋಣೆಗಳ ಪ್ರಶ್ನೆ ಹರಿಯಾಣದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅವುಗಳಿಗೂ ಸಿನಿಮಾ ಕಾಯಿದೆಯೇ ಅನ್ವಯಿಸುತ್ತದೆಂದು ೧೯೯೩ರಲ್ಲಿ ತೀರ್ಮಾನವಾಯಿತು. ೧೯೯೪ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು: ಪ್ರತಿ ಮೊದಲೇ ಮಾರಾಟವಾಗಿದ್ದರೂ ಅದನ್ನು ಬಾಡಿಗೆಗೆ ಕೊಡುವ ಹಕ್ಕು ಚಿತ್ರದ ಒಡೆಯನದೇ. ಲಾಸ್ ಏಂಜಲೀಸಿನ ಅಂಗಡಿಯನ್ನು ಕಾಪಾಡಿದ ನಿಯಮಕ್ಕೆ ಇದು ತೀರ ವಿರುದ್ಧ. ಅಟ್ಕಿನ್‌ಸನ್ ನಮ್ಮ ಊರಿನಲ್ಲಿ ಹುಟ್ಟಿದ್ದರೆ ಅಪರಾಧಿಯಾಗುತ್ತಿದ್ದ.

ನಮ್ಮ ಅಂಗಡಿಯಲ್ಲಿಯೂ ಒಮ್ಮೆ ಜಪ್ತಿಯಾಯಿತು. ಅರವತ್ತೊಂದು ಕ್ಯಾಸೆಟ್ಟು ಗೋಣಿಚೀಲದಲ್ಲಿ ಹೋದವು. ಹೋಗುವ ಮುನ್ನ ಒಬ್ಬರು ಚೀಲದೊಳಗೆ ಕೈಹಾಕಿ, “ಇದು ನಮ್ಮ ಮಕ್ಕಳು ನೋಡಿಲ್ಲ” ಎಂದು ಒಂದನ್ನು ಬೇರೆ ಇಟ್ಟುಕೊಂಡರು. ಮಾವ ಅಂಗಡಿಯ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ಸಾಲದ ರೊಕ್ಕ ಹಾಕಿ ಚಿತ್ರ ತೆಗೆದವನ ಹೊಟ್ಟೆಗೆ ನಾವು ಹೊಡೆಯುತ್ತಿದ್ದೇವೆಂದು ಮಾವನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಒಪ್ಪಿಗೆಯ ಕ್ಯಾಸೆಟ್ಟು ನಮ್ಮ ಊರಿನವರೆಗೆ ಬರುತ್ತಲೇ ಇರಲಿಲ್ಲ. ಬಂದರೂ ಕನ್ನಡ ಚಿತ್ರಗಳದು ಬೆರಳೆಣಿಕೆ. ನಾನು ಇಬ್ಬರ ಕಡೆಯ ನ್ಯಾಯವನ್ನೂ ಬಲ್ಲೆ, ತೂಗಲಾರೆ.

ಆ ಜಪ್ತಿಯಾದ ಮೇಲೆ ಮಾವ ಒಂದು ಕ್ಯಾಮರಾ ಕೊಂಡ. ಅಂಗಡಿಯ ಎರಡನೆಯ ಅವತಾರ ಅಲ್ಲಿಂದ ಮೊದಲಾಯಿತು. ಸ್ವಂತಕ್ಕೆ ಹಿಡಿದ ಚಿತ್ರಕ್ಕೆ ಯಾರ ಒಪ್ಪಿಗೆಯೂ ಬೇಡ. ಮದುವೆ, ನಾಮಕರಣ, ಹೊಸ ಮನೆಯ ಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಮೈಲಾರದ ಜಾತ್ರೆಯ ಜನಸಾಗರ, ಹಳ್ಳಿಯ ನಾಟಕ. ಕಾಲವೂ ಹಾಗೆಯೇ ಇತ್ತು. ೧೯೮೭ರ ಜನವರಿಯಿಂದ ೧೯೮೮ರ ಜುಲೈವರೆಗೆ ಭಾನುವಾರದ ‘ರಾಮಾಯಣ’ ನಡೆದು, ಸಾಲ ಮಾಡಿಯಾದರೂ ಟಿ.ವಿ. ಕೊಳ್ಳುವ ಹಂಬಲ ಮನೆಮನೆಗೂ ಹರಡಿತು. ಬಾಡಿಗೆಯ ಟಿ.ವಿ.ಗೆ ಗಿರಾಕಿ ಕಡಿಮೆಯಾದರು. ಆಮೇಲೆ ಕೇಬಲ್ಲು ಬಂದಿತು. ೧೯೯೪ರಲ್ಲಿ ಉದಯ ಟಿ.ವಿ. ಬಂದಿತು. ಅದೇ ವರ್ಷದ ‘ಕೊಟ್ರೇಶಿ ಕನಸು’, ನಮ್ಮೂರಿನಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪನವರ ಕಥೆಯಿಂದ ನಾಗತಿಹಳ್ಳಿ ಚಂದ್ರಶೇಖರ್ ತೆಗೆದ ಚಿತ್ರ, ರಾಷ್ಟ್ರಪ್ರಶಸ್ತಿ ಪಡೆಯಿತು. ಅದರ ಕ್ಯಾಸೆಟ್ಟನ್ನು ಜನ ಸಾಲುಹಿಡಿದು ಕೇಳಿದರು. ಸಾಲುಹಿಡಿದದ್ದು ಅದೇ ಕಡೆಯ ಸಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಸಿ.ಡಿ. ಬಂದಿತು, ಡಿ.ವಿ.ಡಿ. ಬಂದಿತು, ಉಗುರಿನಷ್ಟು ಚಿಪ್ಪಿನೊಳಗೆ ಐವತ್ತು ಸಿನಿಮಾ ತುಂಬಿಕೊಡುವ ಅಂಗಡಿಗಳು ಬಂದವು. ೨೦೧೬ರ ಜುಲೈ ತಿಂಗಳಲ್ಲಿ ಫುನಾಯ್ ಕಂಪೆನಿ ವಿ.ಎಚ್.ಎಸ್. ಯಂತ್ರ ತಯಾರಿಸುವುದನ್ನು ನಿಲ್ಲಿಸಿತು. ಲೋಕದಲ್ಲಿ ಆ ಯಂತ್ರವನ್ನು ಮಾಡುತ್ತಿದ್ದ ಕೊನೆಯ ಕಾರ್ಖಾನೆ ಅದು. ಅದೇ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಸಿನಿಮಾ ಗಾಳಿಯಲ್ಲಿ ಹರಿಯತೊಡಗಿತು. ಮಾವ ಅದಕ್ಕೆ ಮೊದಲೇ ಅಂಗಡಿಯನ್ನು ಮಾರಿದ್ದ.

ಬಾಡಿಗೆಗೆ ಕೊಟ್ಟ ಸಿನಿಮಾಗಳೇನೂ ನಾಶವಾಗಲಿಲ್ಲ. ಕಾಳಿದಾಸ ಇಂದು ನಮ್ಮ ಕ್ಯಾಸೆಟ್ಟಿಗಿಂತ ಸ್ವಚ್ಛವಾಗಿ ಎಲ್ಲಿ ಬೇಕಾದರೂ ಸಿಗುತ್ತಾನೆ. ನಾಶವಾಗುತ್ತಿರುವುದು ಎರಡನೆಯ ಅವತಾರದವು. ಟೇಪಿನ ಮೇಲಿನ ಕಾಂತದ ಪುಡಿಯನ್ನು ಹಿಡಿದಿಡುವ ಅಂಟು ತೇವ ಹೀರಿ ಸಡಿಲವಾಗುತ್ತದೆ. ಮಳೆಗಾಲದಲ್ಲಿ ಬಿಳಿಯ ಬೂಷ್ಟು ಹಿಡಿಯುತ್ತದೆ. ಕಾಂತದ ಟೇಪುಗಳನ್ನು ೨೦೨೫ರೊಳಗಾಗಿ ನಕಲು ಮಾಡಿಕೊಳ್ಳದಿದ್ದರೆ ಬಹಳಷ್ಟು ಕೈತಪ್ಪುವುವೆಂದು ಆಸ್ಟ್ರೇಲಿಯದ ರಾಷ್ಟ್ರೀಯ ಚಿತ್ರ ಮತ್ತು ಧ್ವನಿ ಭಂಡಾರದವರು ಎಷ್ಟೋ ಮೊದಲು ಎಚ್ಚರಿಸಿದ್ದರು. ಆ ಗಡುವೂ ಬಂದಾಯಿತು. ನಮ್ಮ ತಾಲ್ಲೂಕುಗಳಲ್ಲಿ ೧೯೯೦ರ ಸುಮಾರಿನಲ್ಲಿ ಮದುವೆಯಾದವರ ಮನೆಯ ಟ್ರಂಕು ತೆರೆದು ನೋಡಿ: ರೇಷ್ಮೆ ಸೀರೆಯ ಅಡಿಯಲ್ಲಿ ಒಂದು ಕಪ್ಪು ಕ್ಯಾಸೆಟ್ಟು ಇದ್ದೀತು. ಅದರೊಳಗೆ ಈಗ ಇಲ್ಲದ ಅಜ್ಜ ಅಜ್ಜಿಯರು ನಡೆದಾಡುತ್ತಿದ್ದಾರೆ. ನೋಡಲು ಯಂತ್ರವಿಲ್ಲ.

ನಮ್ಮಪ್ಪ ೧೯೯೧ರಲ್ಲಿ ಊರ ನಾಟಕದಲ್ಲಿ, ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯಲ್ಲಿ, ಅಶ್ವತ್ಥಾಮನ ವೇಷ ಹಾಕಿದ್ದರು. ಮಾವ ಅದನ್ನು ಹಿಡಿದಿದ್ದ. ಅಪ್ಪನ ಧ್ವನಿ ಬೇರೆ ಎಲ್ಲಿಯೂ ಉಳಿದಿಲ್ಲ. ಹೋದ ಬೇಸಗೆಯ ರಜೆಯಲ್ಲಿ ಆ ಕ್ಯಾಸೆಟ್ಟನ್ನು ದಾವಣಗೆರೆಗೆ ಒಯ್ದೆ; ಅಲ್ಲಿ ಹಳೆಯ ಯಂತ್ರವೊಂದನ್ನು ಜೋಪಾನ ಮಾಡಿಕೊಂಡವರೊಬ್ಬರಿದ್ದಾರೆ. ಅವರು ಕ್ಯಾಸೆಟ್ಟಿನ ತಿರುಪು ಬಿಚ್ಚಿ, ಬೂಷ್ಟು ಒರೆಸಿ, ಎರಡು ದಿನ ಒಣಗಿಸಿ, ಮೆಲ್ಲಗೆ ಓಡಿಸಿದರು. ಮೂರು ಗಂಟೆಯಲ್ಲಿ ಹನ್ನೊಂದು ನಿಮಿಷ ಸಿಕ್ಕಿತು. ಅಪ್ಪ ಪ್ರವೇಶ ಮಾಡುತ್ತಾರೆ, ಕಿರೀಟ ಸರಿಪಡಿಸಿಕೊಳ್ಳುತ್ತಾರೆ, ಮಾತು ಎತ್ತುತ್ತಾರೆ. ಒಂದು ಕಡೆ ಬೆಳಕು ಅಲುಗಾಡಿ, ತೆರೆಯಾಚೆಯಿಂದ ಮಾವ “ಲೇ, ಲೈಟ್ ನೆಟ್ಟಗ ಹಿಡಿಯೋ” ಎಂದು ಗದರುತ್ತಾನೆ. ಲೈಟು ಹಿಡಿದಿದ್ದವನು ನಾನು.

ಮಾವನ ಮನೆಯ ಅಟ್ಟದ ಮೇಲೆ ಇನ್ನೂ ನಲವತ್ತಮೂರು ಕ್ಯಾಸೆಟ್ಟುಗಳಿವೆ. ಬಾಕಿ ರೊಕ್ಕ ಕೊಡದೆ ಒಯ್ಯದೆ ಬಿಟ್ಟ ಮದುವೆಗಳು, ಯಾರೂ ಕೇಳಲು ಬಾರದ ನಾಟಕಗಳು. ಚೀಟಿಗಳು ಉದುರಿಹೋಗಿವೆ, ನಂಬರುಗಳು ಉಳಿದಿವೆ. ಕಿರ್ದಿ ನನ್ನ ಹತ್ತಿರ ಇದೆ. ಅದರ ಪ್ರಕಾರ ಒಂಬತ್ತು ಉಜ್ಜಿನಿಯವು, ಆರು ಬಾಗಳಿಯವು, ನಾಲ್ಕು ಗುಡೇಕೋಟೆಯವು. ದಸರೆಯ ರಜೆಗೆ ಉಜ್ಜಿನಿಯಿಂದ ಮೊದಲು ಮಾಡಬೇಕೆಂದಿದ್ದೇನೆ.